ಗುರುತು ಕಾಣದ ಆಪರೇಷನ್

ಮೊದಲೇ ಹೇಳಿಬಿಡುತ್ತೇನೆ, ನನಗೆ ಆ ರೋಬೋಟಿನ ಮೇಲೆ ಸಿಟ್ಟಿಲ್ಲ. ಅದು ತನ್ನ ಕೆಲಸವನ್ನು ಅಚ್ಚುಕಟ್ಟಾಗಿ ಮಾಡಿದೆ. ಸಿಟ್ಟು ಇರುವುದು ಕುಕ್ಕುಂದೂರಿನ ನಮ್ಮ ಮನೆಯವರ ಮೇಲೆ.

ನನ್ನ ಹೃದಯದೊಳಗೆ ಹುಟ್ಟಿನಿಂದಲೇ ಒಂದು ತೂತಿತ್ತಂತೆ. ನಲವತ್ತಾರು ವರ್ಷ ಅದನ್ನಿಟ್ಟುಕೊಂಡೇ ಕಾಪುವಿನಲ್ಲಿ ಶಾಲೆಗೆ ಓಡಿದ್ದೇನೆ, ಇಲ್ಲಿಗೆ ಬಂದು ಎರಡು ಹೆತ್ತಿದ್ದೇನೆ. ಮೆಟ್ಟಿಲು ಹತ್ತುವಾಗ ಉಸಿರು ಸಿಕ್ಕಿಕೊಳ್ಳತೊಡಗಿದ ಮೇಲೆ ಮಣಿಪಾಲಕ್ಕೆ ಹೋದದ್ದು. ಡಾಕ್ಟರು ಸಮಾಧಾನದಿಂದ ವಿವರಿಸಿದರು. ಎದೆಮೂಳೆ ಕೊಯ್ಯುವುದಿಲ್ಲ. ಬಲಗಡೆ ಪಕ್ಕೆಲುಬುಗಳ ನಡುವೆ ಸಣ್ಣ ಸಣ್ಣ ತೂತು ಮಾಡಿ ರೋಬೋಟಿನ ಕೈಗಳನ್ನು ಒಳಗೆ ಬಿಡುತ್ತಾರೆ. ಡಾಕ್ಟರು ಅದೇ ಕೋಣೆಯ ಒಂದು ಮೂಲೆಯಲ್ಲಿ ಕೂತು, ಪರದೆ ನೋಡುತ್ತ ಬೆರಳಾಡಿಸಿದರೆ ಆ ಕೈಗಳು ಹೊಲಿಯುತ್ತವೆ.

"ಗುರುತು ಸಹ ಕಾಣುವುದಿಲ್ಲಮ್ಮ. ಆದರೆ ಒಳಗೆ ಹೊಲಿಗೆ ಉಂಟು, ನೆನಪಿರಲಿ. ಒಂದು ತಿಂಗಳು ಭಾರ ಎತ್ತಬಾರದು."

ಗುರುತು ಕಾಣುವುದಿಲ್ಲ ಎಂದದ್ದಕ್ಕೆ ನಾನು, ಹುಚ್ಚಿ, ಖುಷಿಪಟ್ಟೆ.

ನಮ್ಮ ಮನೆಯಲ್ಲಿ ಹೃದಯದ ಆಪರೇಷನ್ ಅಂದರೆ ಭಾವನದು, ನನ್ನ ಗಂಡನ ಅಣ್ಣನದು. ಮೂರು ವರ್ಷದ ಹಿಂದೆ ಅವರ ಎದೆಯನ್ನು ನಡುವೆ ಸೀಳಿ ಬೈಪಾಸ್ ಮಾಡಿದ್ದರು. ಆಮೇಲೆ ಮೂರು ತಿಂಗಳು ಅವರು ಅಂಗಿ ಹಾಕದೆ ಚಾವಡಿಯಲ್ಲಿ ಕೂತರು. ಬಂದವರೆಲ್ಲ ಎದೆಯುದ್ದದ ಆ ಗೀರು ನೋಡಿ "ಅಯ್ಯೋ ದೇವರೇ" ಅಂದರು. ಮನೆಯಲ್ಲಿ ಟಿವಿಯ ಸದ್ದು ಇಳಿಯಿತು. ಹೊತ್ತು ಹೊತ್ತಿಗೆ ಗಂಜಿ, ಎಳನೀರು ಕೊಟ್ಟವಳು ನಾನೇ. ಬೇಸರವೇನೂ ಇರಲಿಲ್ಲ, ಅವರ ನೋವು ನನಗೂ ಕಾಣುತ್ತಿತ್ತಲ್ಲ.

ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಎನ್ನುತ್ತಾರೆ. ಭಾವನದು ಅಂಗೈ ಹುಣ್ಣು. ನನ್ನದು ರವಿಕೆಯೊಳಗಿನದು, ಯಾರಿಗೆ ತೋರಿಸಲಿ?

ಆಪರೇಷನ್ ಮುಗಿಸಿ ನಾನು ಮನೆಗೆ ಬಂದ ಮರುದಿನವೇ ಕಾರ್ಕಳದಿಂದ ಅತ್ತೆಯ ತಂಗಿ ದ್ರಾಕ್ಷಿ, ಬ್ರೆಡ್ಡು ಹಿಡಿದುಕೊಂಡು ಬಂದರು. ನನ್ನನ್ನು ಮೇಲಿಂದ ಕೆಳಗೆ ನೋಡಿ ಕೇಳಿದರು, "ಎಲ್ಲಿ ಕೊಯ್ದದ್ದು?"

"ಕೊಯ್ಯಲಿಕ್ಕೆ ಎಂತ ಉಂಟು ಮಾರಾಯ್ತಿ? ಎಲ್ಲ ಮೆಷಿನ್ನೇ ಮಾಡಿದ್ದು," ಅಂದರು ಅತ್ತೆ.

"ಅಷ್ಟೆಯಾ? ಹಾಗಾದರೆ ಆರಾಮ!"

ರೋಗಿಯನ್ನು ನೋಡಲು ಬಂದವರು ರೋಗಿ ಮಾಡಿದ ಚಹಾ ಕುಡಿದು ಹೋದರು. ಬಾಣಂತನಕ್ಕಾದರೆ ತವರು ಉಂಟು, ಆಪರೇಷನ್ನಿಗೆ ಯಾವ ತವರು?

ಆಪರೇಷನ್ನಾದ ಹತ್ತನೆಯ ದಿನ ಅತ್ತೆ ದೋಸೆಗೆ ಅರೆದ ಹಿಟ್ಟು ತೆಗೆಯಲು ಹೇಳಿದರು. ಗ್ರೈಂಡರಿನ ಕಲ್ಲು ಎತ್ತಬೇಕು. ಭಾರ ಎತ್ತಬಾರದಂತೆ ಎಂದೆ.

"ನನಗಾದರೆ ಮೂಳೆಯನ್ನೇ ಗರಗಸದಲ್ಲಿ ಕೊಯ್ದಿದ್ದರು," ಅಂದರು ಭಾವ ಚಾವಡಿಯಿಂದಲೇ.

ಹಟಕ್ಕೆ ಎತ್ತಿದೆ. ಬಲಪಕ್ಕೆಯಲ್ಲಿ ಚಳಕ್ಕೆಂದಿತು, ಅಲ್ಲೇ ಕುಸಿದು ಕೂತೆ. ನಿಟ್ಟೆಯ ಕಾಲೇಜಿನಲ್ಲಿ ಕೆಲಸದಲ್ಲಿದ್ದ ನನ್ನವರು ಓಡಿ ಬಂದು ಮಣಿಪಾಲಕ್ಕೆ ಕರೆದುಕೊಂಡು ಹೋದರು. ಪುಣ್ಯಕ್ಕೆ ಒಳಗಿನ ಹೊಲಿಗೆ ಗಟ್ಟಿಯಾಗಿತ್ತು. ಡಾಕ್ಟರು ನನ್ನವರನ್ನು ಚೆನ್ನಾಗಿ ಬೈದರು. ಆಪರೇಷನ್ನಿನ ವಿಡಿಯೋದ ಒಂದು ತುಣುಕನ್ನು ಅವರ ಮೊಬೈಲಿಗೆ ಹಾಕಿಸಿ, "ಮನೆಯವರಿಗೆ ತೋರಿಸಿ, ಆಗಲಾದರೂ ಇವರಿಗೆ ರೆಸ್ಟ್ ಸಿಗಲಿ," ಅಂದರು. ದಾರಿಯುದ್ದಕ್ಕೂ ನನಗೆ ಅದೇ ಆಸೆ. ಇನ್ನು ನಂಬುತ್ತಾರೆ, ಇಪ್ಪತ್ತು ದಿನ ಮಲಗಲು ಬಿಡುತ್ತಾರೆ.

ಆ ಸಂಜೆ ನನ್ನವರು ವಿಡಿಯೋವನ್ನು ಟಿವಿಗೆ ಹಾಕಿದರು. ಪರದೆ ತುಂಬ ನನ್ನ ಹೃದಯ. ಹೊಲಿಯಲಿಕ್ಕೆಂದು ಅದನ್ನು ನಿಲ್ಲಿಸಿದ್ದರು, ಬಡಿತವೇ ಇರಲಿಲ್ಲ. ಎರಡು ಉಕ್ಕಿನ ಕೈಗಳು ಸೂಜಿ ಚುಚ್ಚಿ ನೂಲೆಳೆಯುತ್ತಿದ್ದವು. ಯಾರಾದರೂ ಒಬ್ಬರು "ಅಯ್ಯೋ ದೇವರೇ" ಅನ್ನಲಿ ಎಂದು ಕಾದೆ.

"ಎಂತ ಕೈ ಮಾರಾಯ ಅದು! ಸೂಜಿ ತಿರುಗಿಸುವುದು ನೋಡು!" ಭಾವ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು.

"ಇನ್ನೊಮ್ಮೆ ಹಾಕು ಮಗಾ," ಅಂದ ಅತ್ತೆ ನನ್ನ ಕಡೆ ತಿರುಗಿದರು. "ನೀನೆಂತ ಕೂತದ್ದು? ಎಲ್ಲರಿಗೂ ಚಹಾ ಇಡು."

ನಾನು ನನ್ನವರ ಮುಖ ನೋಡಿದೆ. ಡಾಕ್ಟರ ಬೈಗುಳ ತಿಂದು ಬಂದವರಲ್ಲವೇ, ಏನಾದರೂ ಹೇಳುತ್ತಾರೆ ಎಂದುಕೊಂಡೆ. ಹೇಳಿದರು, ಟಿವಿಯಿಂದ ಕಣ್ಣು ತೆಗೆಯದೆ:

"ಅಣ್ಣನ ಚಹಾಕ್ಕೆ ಸಕ್ಕರೆ ಹಾಕಬೇಡ. ಹಾರ್ಟ್ ಪೇಷಂಟ್ ಅಲ್ವಾ."