ಕಮಲಕ್ಕನ ಅಂಗಳದ ಇಂಗಾಲ

ಇಲ್ಲಿ ನೆಲವನ್ನೇ ಇಟ್ಟಿಗೆಯಂತೆ ಕಡಿದು ಮನೆ ಕಟ್ಟುತ್ತಾರೆ! ಎಪ್ಪತ್ತರ ದಶಕದ ಕೊನೆಗೆ ಮೂಡುಬಿದಿರೆಗೆ ಭೂವಿಜ್ಞಾನ ಕಲಿಸಲು ಬಂದ ನಾನು ಊರಿಗೆ ಬರೆದ ಮೊದಲ ಕಾಗದದಲ್ಲಿ ಇದನ್ನೇ ಬರೆದಿದ್ದೆ. ಈ ಕೆಂಪು ಜಂಬಿಟ್ಟಿಗೆಯ, ಇಲ್ಲಿಯವರ ಮುರಕಲ್ಲಿನ, ಬಗ್ಗೆ ಪುಸ್ತಕದಲ್ಲಿ ಓದಿದ್ದೆ, ನಿಜ. ಆದರೆ ಮಳೆ ಬಂದರೆ ಕಾಲಿನ ಚಪ್ಪಲಿ ಕಿತ್ತುಕೊಳ್ಳುವ ಗದಗಿನ ಎರೆಮಣ್ಣಿನಲ್ಲಿ ಬೆಳೆದವನು ನಾನು.

ಸಿದ್ಧಕಟ್ಟೆಯ ಕಮಲಕ್ಕನ ಮನೆಯಲ್ಲಿ ಬಾಡಿಗೆಗೆ ಒಂದು ಕೋಣೆ ಸಿಕ್ಕಿತು. ಅವರ ಮನೆಮಾತು ತುಳು. ನಾನು ‘ಗಟ್ಟದವರು’, ಅಂದರೆ ಘಟ್ಟದ ಮೇಲಿನವ. ಕುಚ್ಚಲಕ್ಕಿ ಅನ್ನ ಗಂಟಲಲ್ಲಿ ಇಳಿಯದೆ, ಜೋಳದ ರೊಟ್ಟಿ ನೆನೆದು ಅತ್ತದ್ದೂ ಉಂಟು.

ಮಣ್ಣಿನಲ್ಲಿರುವ ಇಂಗಾಲ ನನ್ನ ಸಂಶೋಧನೆಯ ವಿಷಯ. ಶನಿವಾರ ಅಳದಂಗಡಿಯ ಕಡೆಯಿಂದ ಗದ್ದೆ, ಗುಡ್ಡೆಗಳ ಮಣ್ಣು ತಂದು ಅಂಗಳದಲ್ಲಿ ಒಣಗಿಸುತ್ತಿದ್ದೆ. ಗಿಡಮರ ಕೊಳೆತು ಮಣ್ಣಿಗೆ ಸೇರುವ ಇಂಗಾಲ ಬೋಳುಗುಡ್ಡೆಯ ಮಣ್ಣಿನಲ್ಲೂ ಧಾರಾಳ! ಹೊಸದೇನೋ ಕಂಡುಹಿಡಿದೆ ಎಂದು ಒಳಗೊಳಗೇ ಬೀಗಿದೆ. ಸಂಶೋಧನೆಗೆ ಮಾರ್ಗದರ್ಶಕರಾಗಿದ್ದ ಧಾರವಾಡದ ಗುರುಗಳು ಮಾತ್ರ ಖಾರವಾಗಿ ಬರೆದರು: ಇದಕ್ಕೆ ಕಾರಣ ಹೇಳದಿದ್ದರೆ ಪ್ರಬಂಧಕ್ಕೆ ಸಹಿ ಹಾಕುವುದಿಲ್ಲ.

ಕಾಗದ ಕೈಯಲ್ಲಿರುವಾಗಲೇ ಕಮಲಕ್ಕ ಕೂಗಿದರು.

“ಮಾಸ್ಟ್ರೇ, ಕಾಲಿಡ್ಬೇಡಿ! ನಿಮ್ಮ ಮಣ್ಣಿಗೇಂತಲೇ ಸಾರಿಸಿದ್ದೇನೆ. ಮಸಿ ಸ್ವಲ್ಪ ಜಾಸ್ತಿ ಹಾಕಿದ್ದೇನೆ. ಚಂದ ಉಂಟಲ್ಲ?”

ಸೆಗಣಿಗೆ ಇದ್ದಿಲಿನ ಮಸಿ ಕಲಸಿ ಸಾರಿಸಿದ ಅಂಗಳ ಮಿರಮಿರ ಮಿಂಚುತ್ತಿತ್ತು. ಸೆಗಣಿಯಲ್ಲಿ ಇಂಗಾಲ, ಮಸಿಯಂತೂ ಬರೀ ಇಂಗಾಲ. ಪ್ರತಿ ವಾರ ಮಣ್ಣಿನ ಜೊತೆ ನಾನು ಅದನ್ನೂ ಬಾಚಿಕೊಂಡಿದ್ದೆ. ಒಂದು ವರ್ಷದ ಕೆಲಸ ನೀರುಪಾಲಾಗಿತ್ತು.

ಹೇಳದೆ ವಿಧಿಯಿರಲಿಲ್ಲ. ಅವರ ಮುಖ ಬಾಡಿತು. “ಅಯ್ಯೋ ದೇವರೇ, ನಿಮ್ಮ ಓದು ನಾನು ಹಾಳು ಮಾಡಿದೆನಾ?”

“ನೀವಲ್ಲ ಕಮಲಕ್ಕ, ಕಲಿತ ನನಗೇ ಬುದ್ಧಿ ಇರಲಿಲ್ಲ.”

ಮರುದಿನ ಅವರು ನೆಂಟರಿಗೆಂದು ಎತ್ತಿಟ್ಟಿದ್ದ ಹೊಸ ಚಾಪೆ ತಂದು ಜಗಲಿಯಲ್ಲಿ ಬಿಡಿಸಿದರು. “ಇದರಲ್ಲಿ ಒಣಗಿಸುವ. ಬನ್ನಿ, ಗುಡ್ಡೆಗೆ ನಾನೂ ಬರ್ತೇನೆ.” ಬುಟ್ಟಿ ಹೊತ್ತು ಮುಂದೆ ನಡೆದೇಬಿಟ್ಟರು. ಆ ದಿನದಿಂದ ನನಗೆ ಆ ಊರು ಪರವೂರು ಅನ್ನಿಸಲಿಲ್ಲ.

ಮತ್ತೊಂದು ವರ್ಷ ಹಿಡಿಯಿತು. ಪ್ರಬಂಧಕ್ಕೆ ಸಹಿಯೂ ಬಿತ್ತು. ಆಮೇಲೆ ಧಾರವಾಡದಲ್ಲಿ ಪಾಠ ಮಾಡಿ, ಈಗ ನಿವೃತ್ತನಾಗಿ ಅಲ್ಲೇ ಇದ್ದೇನೆ. ಮಾತಿನಲ್ಲಿ ‘ಉಂಟು’ ನುಸುಳಿದರೆ ಗೆಳೆಯರು, “ಏನಪಾ, ಪೂರಾ ಕರಾವಳಿಯವ ಆಗಿಬಿಟ್ಟಿ!” ಎಂದು ಕಾಡುತ್ತಾರೆ. ಸಿದ್ಧಕಟ್ಟೆಗೆ ಹೋದರೆ ಇವತ್ತಿಗೂ ನಾನು ಗಟ್ಟದವರೇ.

ಕಮಲಕ್ಕ ಈಗಿಲ್ಲ, ಅಂಗಳಕ್ಕೆ ಸಿಮೆಂಟು ಬಿದ್ದಿದೆ. ತಪ್ಪು ಅಂಕೆಗಳ ಆ ಮೊದಲ ನೋಟ್‌ಬುಕ್ ಮಾತ್ರ ನನ್ನಲ್ಲಿದೆ. ಎಸೆಯಲು ಮನಸ್ಸು ಬರುವುದಿಲ್ಲ. ಅದರಲ್ಲಿ ಗುಡ್ಡೆಯ ಲೆಕ್ಕ ತಪ್ಪಿರಬಹುದು, ಕಮಲಕ್ಕನ ಅಂಗಳ ಉಂಟು.