ರೇಸ್‌ಕೋರ್ಸ್ ಬಳಿಯ ಮಸಾಲೆದೋಸೆ

ಮೈಸೂರಿನ ರೇಸ್‌ಕೋರ್ಸ್ ಬಳಿಯ ಹೋಟೆಲಿನಲ್ಲಿ ನಂಜನಗೂಡಿನ ಬಸ್ಸಿಗೆ ಕಾಯುತ್ತಾ ಕುಳಿತಿದ್ದೆ. ಬಿಸಿಲು ಏರಿದ್ದರೂ ಒಂದರ ಮೇಲೊಂದು ಎರಡು ಉಣ್ಣೆಯ ಕೋಟು ತೊಟ್ಟ ಕುಳ್ಳ ಮನುಷ್ಯರೊಬ್ಬರು ಬಂದು ನನ್ನೆದುರು ಕುಳಿತರು. ಗಲ್ಲದಿಂದ ಬೆವರು ತೊಟ್ಟಿಕ್ಕುತ್ತಿತ್ತು. ಬೆಳಗಿನಿಂದ ಚಾಮುಂಡಿ ಬೆಟ್ಟದ ಮೆಟ್ಟಿಲನ್ನು ಎರಡು ಸಲ ಹತ್ತಿ ಇಳಿದಿದ್ದರಂತೆ.

ಹೆಸರು ಅಂತೋಣಪ್ಪ, ಕೆಲಸ ಜಾಕಿ. ನಾಳೆ ರೇಸಿಗೆ ಮುಂಚೆ ತೂಕ ನೋಡುತ್ತಾರೆ. ಅಷ್ಟರೊಳಗೆ ಇನ್ನೆರಡು ಪೌಂಡು ಇಳಿಯದಿದ್ದರೆ ಅವರ ಕುದುರೆಯನ್ನು ಬೇರೊಬ್ಬರು ಏರುತ್ತಾರೆ. ನಲವತ್ತರ ವಯಸ್ಸಿನಲ್ಲಿ ಕೈತಪ್ಪಿದ ಕುದುರೆ ಮತ್ತೆ ಸಿಗುವುದಿಲ್ಲ ಎಂದರು.

ಆದರೂ ಮಸಾಲೆದೋಸೆ ತರಿಸಿದರು. ತಟ್ಟೆ ಬಂದಾಗ ನನ್ನ ಕಡೆ ತಳ್ಳಿದರು.

“ನೀವು ತಿನ್ನಿ ಸ್ವಾಮಿ. ನಾನು ನೋಡ್ಕೊಂಡು ಕೂತಿರ್ತೀನಿ. ಮನೇಲಿದ್ರೆ ನನ್ನವಳು ಒಂದೇ ತುತ್ತು ಅಂತ ಬಾಯಿಗೇ ಇಡ್ತಾಳೆ.”

“ದಿನಾ ಒಬ್ರನ್ನ ಹಿಡೀತಾರೆ ಕಣ್ರೀ,” ಎಂದರು ಹೋಟೆಲಿನ ಯಜಮಾನರು. “ನಾಳೆ ಗೆದ್ರೆ ಎರಡು ದೋಸೆ ನಾನೇ ಕೊಡ್ತೀನಿ ಅಂತೋಣಪ್ಪ. ಕುದುರೆ ಹತ್ತಕ್ಕೇ ಬುಡದಿದ್ರೆ?”

“ಆಮೇಲೆ ತೂಕ ಯಾರಿಗೆ ಬೇಕು? ನಾಲ್ಕು ತಿಂತೀನಿ.”

ಎದುರಿಗೆ ಹಸಿದವರು ಕುಳಿತಿರುವಾಗ ತಿನ್ನುವುದು ಸುಲಭವಲ್ಲ. ಮುಕ್ಕಾಲು ಮುಗಿಸಿ ಕೈ ತೆಗೆದೆ.

“ಪಲ್ಯ ಬುಟ್ಬುಟ್ರಲ್ಲ,” ಎಂದರು ಅಂತೋಣಪ್ಪ, ನಿಜವಾಗಿಯೂ ನೊಂದುಕೊಂಡು. “ಬೆಣ್ಣೆಯೆಲ್ಲ ಅದರಲ್ಲೇ ಇಳಿದಿರ್ತದೆ.”

ಪೂರ್ತಿ ತಿಂದೆ. ಕೊನೆಯ ತುತ್ತಿನವರೆಗೂ ನೋಡಿ, ಅವರು ಎರಡೂ ಕೋಟಿನ ಗುಂಡಿ ಹಾಕಿಕೊಂಡು ಮತ್ತೆ ಬೆಟ್ಟದ ಕಡೆ ನಡೆದರು.