ಹೆಸರು ಬದಲಿಸಿದೆ, ವಿಳಾಸ ಮರೆತೆ

ನನ್ನ ಫೋನಿನಲ್ಲಿ ಒಂದೇ ಆ್ಯಪ್ ಮೂರು ಸಲ ಇದೆ. ನೋಡಿದವರು ‘ಪಾಪ, ಇವಳಿಗೆ ಮರೆವು’ ಎಂದುಕೊಳ್ಳುತ್ತಾರೆ. ಮರೆವಲ್ಲ ಸ್ವಾಮಿ, ಕಸುಬು. ಪವಾಯಿಯ ಆಫೀಸೊಂದರಲ್ಲಿ ಹತ್ತು ವರ್ಷಗಳಿಂದ ನಾನು ಮಾಡುತ್ತಿರುವುದೇ ಇದು. ಒಂದು ಆ್ಯಪ್ ನಾನು ಕೆಡಿಸಿ ನೋಡಲಿಕ್ಕೆ, ಇನ್ನೊಂದು ಮಾಡಿಸಿದವರು ಮೂಗು ಮುರಿಯಲಿಕ್ಕೆ, ಮೂರನೆಯದು ಜನರ ಕೈಗೆ. ನಮ್ಮ ಜೋಗೇಶ್ವರಿ ಬಿಲ್ಡಿಂಗಿನ ಎ, ಬಿ, ಸಿ ವಿಂಗುಗಳ ಹಾಗೆ ಒಳಗೆ ಅದೇ ಹಾಲ್, ಅದೇ ಕಿಚನ್, ಅದೇ ಸೋರುವ ನಲ್ಲಿ. ಬೇರೆಯಾಗಿರುವುದು ಬಾಗಿಲ ಮೇಲಿನ ಹೆಸರು ಮತ್ತು ಒಳಗಿರುವವರು.

ಹಾಗಾಗಿ ಪ್ರತಿಯೊಂದಕ್ಕೂ ಒಂದು ಪುಟ್ಟ ಪಟ್ಟಿ ಬರೆದಿಡುತ್ತೇವೆ: ಹೆಸರೇನು, ಗುರುತಿನ ಚಿತ್ರದ ಬಣ್ಣ ಯಾವುದು, ಹಾಕಿದ ಸುದ್ದಿ ಯಾವ ವಿಳಾಸಕ್ಕೆ ಹೋಗಬೇಕು. ಹೋಟೆಲಿನಲ್ಲಿ ಕಾವಲಿಯ ಮೊದಲ ದೋಸೆ ಗಿರಾಕಿಯ ಟೇಬಲ್ಲಿಗೆ ಹೋಗುವುದುಂಟೇ? ಅದು ಒಳಗಿನವರ ದೋಸೆ. ಪಟ್ಟಿಯ ಕೆಲಸವೂ ಅಷ್ಟೇ, ಒಳಗಿನದನ್ನು ಒಳಗೇ ಇಡುವುದು. ಇದನ್ನು ನಾನು ಕಣ್ಣು ಮುಚ್ಚಿ ಮಾಡಬಲ್ಲೆ. ಒಮ್ಮೆ ಹಾಗೇ ಮಾಡಿಯೂಬಿಟ್ಟೆ.

ಇಲ್ಲಿನ ನಮ್ಮ ಕನ್ನಡ ಸಂಘದವರು ಒಂದು ಆ್ಯಪ್ ಮಾಡಿಕೊಡು ಎಂದು ಗಂಟುಬಿದ್ದಿದ್ದರು. ಸಭೆ, ಮದುವೆ, ಮರಣ ಎಲ್ಲ ಅದರಲ್ಲೇ ತಿಳಿಯಬೇಕಂತೆ. ಅದರಲ್ಲೂ ಮರಣ, ಈ ಊರಿನಲ್ಲಿ ಸುದ್ದಿ ಊರಂಚಿನ ದಹಿಸರ್ ದಾಟುವಷ್ಟರಲ್ಲಿ ಬೂದಿಯೂ ತಣ್ಣಗಾಗಿರುತ್ತದೆ. ಪರೀಕ್ಷೆಗೆ ಯಾರನ್ನು ಸಾಯಿಸುವುದು? ಬೇರೆಯವರ ಹೆಸರು ಹಾಕಿದರೆ ಜಗಳ. ಕೊನೆಗೆ ಅಮ್ಮನೇ, ನನ್ನ ಹೆಸರು ಹಾಕು, ಸುಳ್ಳು ಸಾವಿನ ಸುದ್ದಿಯಿಂದ ಆಯುಷ್ಯ ಹೆಚ್ಚುತ್ತದಂತೆ ಎಂದು ಧೈರ್ಯ ಕೊಟ್ಟಳು. ಒಂದು ಭಾನುವಾರ ಬೆಳಿಗ್ಗೆ ಕಾಫಿ ಕುಡಿಯುತ್ತಾ ಹಾಕಿದೆ: ‘ಗಿರಿಜಾ, ಎಪ್ಪತ್ತೆರಡು ವರ್ಷ, ಜೋಗೇಶ್ವರಿಯ ಸ್ವಗೃಹದಲ್ಲಿ...’

ಐದು ನಿಮಿಷಕ್ಕೆ ಅಂಧೇರಿಯ ಚಿಕ್ಕಮ್ಮ ಅಳುತ್ತಾ ಫೋನ್ ಮಾಡಿ, ಹೆಣ ಎಷ್ಟು ಹೊತ್ತಿಗೆ ತೆಗೆಯುತ್ತೀರಿ ಎಂದು ಕೇಳಿದರು. ಪಟ್ಟಿ ತೆರೆದು ನೋಡಿದೆ. ಹೆಸರು ‘ಸಂಘ ಪರೀಕ್ಷೆ’, ಸರಿ. ಬಣ್ಣ ಕೆಂಪು, ಸರಿ. ವಿಳಾಸ ಮಾತ್ರ ಅಸಲಿ ಆ್ಯಪಿನದೇ! ಸದಸ್ಯರಿಗೆಲ್ಲ ಅಮ್ಮ ತೀರಿಹೋಗಿದ್ದಳು. ಕೂಡಲೇ, ಅಮ್ಮ ಆರೋಗ್ಯವಾಗಿದ್ದಾಳೆ, ಅಲಸಂಡೆ ಹೆಚ್ಚುತ್ತಿದ್ದಾಳೆ ಎಂದು ಎರಡನೆಯ ಸುದ್ದಿ ಹಾಕಿದೆ. ಎಲ್ಲರೂ ಬೈದು ನಕ್ಕರು. ಎರಡನೆಯದನ್ನು ಓದದವರು ಒಬ್ಬರೇ, ವಾಸು ಮಾವ.

ವಾಸು ಮಾವ ಎಂದರೆ ಅಮ್ಮನ ಒಬ್ಬನೇ ತಮ್ಮ. ಗ್ರಾಂಟ್ ರೋಡಿನಲ್ಲಿ ಹೋಟೆಲು. ಹದಿನೈದು ವರ್ಷಗಳಿಂದ ನಮ್ಮ ಮನೆಯ ಹೊಸ್ತಿಲು ತುಳಿದಿರಲಿಲ್ಲ. ಕಾರಣ ನನ್ನ ಲಗ್ನಪತ್ರಿಕೆ. ಅದರಲ್ಲಿ ಸೋದರಮಾವನ ಹೆಸರೇ ಇರಲಿಲ್ಲ. ಅಕ್ಕ ಬೇಕೆಂದೇ ಬಿಟ್ಟಳೆಂದು ಮಾವ ಮುನಿದರು. ಪ್ರೆಸ್ಸಿನವರ ತಪ್ಪು ಎಂದು ಅಮ್ಮ ಎಷ್ಟು ಹೇಳಿದರೂ ನಂಬಲಿಲ್ಲ. ಪ್ರೆಸ್ಸಿನವರ ತಪ್ಪೂ ಅಲ್ಲ ಅದು. ಅಮ್ಮ ಹೆಸರು ಸೇರಿಸಿ ತಿದ್ದಿದ ಹಾಳೆ ನನ್ನ ಚೀಲದಲ್ಲೇ ಉಳಿದು, ತಿದ್ದದ ಹಾಳೆಯನ್ನು ಪ್ರೆಸ್ಸಿಗೆ ಕೊಟ್ಟುಬಂದವಳು ಮದುಮಗಳಾದ ನಾನೇ. ಮದುವೆಯ ಗಡಿಬಿಡಿಯಲ್ಲಿ ಹೇಳಲಿಲ್ಲ. ಆಮೇಲೆ ಹೇಳಲು ಹೆದರಿದೆ. ಹತ್ತು ಜನರ ಮುಂದೆ ಎದೆ ತಟ್ಟಿ ಮಾತಾಡುವವಳು ಇದೊಂದನ್ನು ನುಂಗಿಕೊಂಡು ಕೂತಿದ್ದೆ.

ಆ ಭಾನುವಾರ ಮಧ್ಯಾಹ್ನ ಬೆಲ್ ಆಯಿತು. ಅಮ್ಮನೇ ಬಾಗಿಲು ತೆಗೆದಳು. ಹೋಟೆಲಿನ ಗಲ್ಲಾಪೆಟ್ಟಿಗೆಯಿಂದ ಎದ್ದು ಲೋಕಲ್ ರೈಲು ಹಿಡಿದು ಬಂದಿದ್ದ ಮಾವ ನಿಂತಿದ್ದರು, ಕೈಯಲ್ಲಿ ದಪ್ಪ ಸೇವಂತಿಗೆ ಹಾರ. ಅಕ್ಕನನ್ನು ಕಂಡವರೇ ಚಪ್ಪಲಿ ಸ್ಟ್ಯಾಂಡಿನ ಮೇಲೆ ಕುಸಿದು ಕೂತು ಮಗುವಿನಂತೆ ಅತ್ತರು. ಅಮ್ಮ ಹಾರವನ್ನೊಮ್ಮೆ, ತಮ್ಮನನ್ನೊಮ್ಮೆ ನೋಡಿದಳು.

“ಹಾರ ದೇವರ ಫೋಟೋಕ್ಕೆ ಹಾಕು ವಾಸು. ಕೈಕಾಲು ತೊಳ್ಕೊಂಡು ಬಾ, ಊಟ ಮಾಡುವ.”

ಎಲೆಯ ಮುಂದೆ ಕೂತಾಗ ನಾನು ಎರಡೂ ತಪ್ಪನ್ನು ಒಪ್ಪಿಕೊಂಡೆ. ಮೊದಲು ಆ್ಯಪಿನದು, ಆಮೇಲೆ ಪತ್ರಿಕೆಯದು. ಅಮ್ಮನ ಕೈಯ ಸೌಟು ನಿಂತಿತು.

“ಒಂದು ಮಾತು ಹೇಳ್ಬಹುದಿತ್ತಲ್ಲ, ಮಾರಾಯ್ತಿ,” ಎಂದರು ಮಾವ, ಅನ್ನ ಕಲಸುತ್ತಾ. ಬೈದಿದ್ದರೆ ಹಗುರವಾಗುತ್ತಿತ್ತು. ನನಗೆ ತಲೆಯೆತ್ತಲಾಗಲಿಲ್ಲ. ಆದರೆ ಮಾವ ಮೂರು ಸಲ ಸಾರು ಹಾಕಿಸಿಕೊಂಡರು, ಅಕ್ಕನ ಉಪ್ಪು ಇನ್ನೂ ಜಾಸ್ತಿಯೇ ಎಂದರು, ಸಂಜೆಯ ಕಾಫಿಯನ್ನೂ ಮುಗಿಸಿಯೇ ಎದ್ದರು.

ಅವರು ಹೋದ ಮೇಲೆ ಅಮ್ಮನ ಪಕ್ಕ ಕೂತು ಕ್ಷಮೆ ಕೇಳಿದೆ. ಪಟ್ಟಿ ಸರಿಮಾಡಿದ್ದೇನೆ, ಇನ್ನು ಯಾವತ್ತೂ ಹೀಗಾಗದು ಎಂದೆ. ಹದಿನೈದು ವರ್ಷದ ಸಿಟ್ಟನ್ನು ಅವಳು ನನ್ನ ಮೇಲೆ ತೀರಿಸಿಕೊಳ್ಳಬಹುದಿತ್ತು. ಅವಳು ಬಾಗಿಲ ಕಡೆಗೇ ನೋಡುತ್ತಾ ಹೇಳಿದಳು:

“ಅವ ಹೇಗೂ ಒಂದು ದಿನ ಬರ್ತಿದ್ದ, ನಾನು ಹೋದ ದಿನ. ಆವಾಗ ಊಟ ಮಾಡು ಅಂತ ಹೇಳ್ಲಿಕ್ಕೆ ನಾನು ಇರ್ತಿದ್ದೆನಾ?”